ಲಾರಿ ಟ್ಯಾಂಕಿನ ಡೀಸೆಲ್ ಕಳುವಾಗದಂತೆ ನಾವೇ ಮಾಡಿಕೊಳ್ಳುವ ಕೆಲಸಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ಮುಕ್ಕಾಲು ಟ್ಯಾಂಕ್ ಇದ್ದ ಲಾರಿ ಬೆಳಗ್ಗೆ ಸ್ಟಾರ್ಟ್ ಆಗಿ ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿತು. ಮುಚ್ಚಳ ಸರಿಯಾಗಿಯೇ ಕೂತಿತ್ತು. ಹಿಂದಿನ ರಾತ್ರಿ ನಿಲ್ಲಿಸಿದ್ದ ಜಾಗಕ್ಕೆ ಹೋಗಿ ನೋಡಿದರೆ ಅಂಗೈ ಅಗಲದ ಒಂದು ಡೀಸೆಲ್ ಕಲೆ, ಬೇರೇನೂ ಇಲ್ಲ. ಆಮೇಲೆ ಈ ವಿಷಯದಲ್ಲಿ ನಾನು ಒಂದಷ್ಟು ಕೆಲಸ ಮಾಡಿದೆ, ಒಂದಷ್ಟು ಎಡವಟ್ಟೂ ಮಾಡಿದೆ. ಈಗ ಲಾರಿ ಇಟ್ಟುಕೊಂಡ ಗೆಳೆಯರು ಅದೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಕಳ್ಳರು ಡೀಸೆಲ್ ತೆಗೆಯುವುದು ಮುಚ್ಚಳದ ಕಡೆಯಿಂದ ಮಾತ್ರವಾ?

ಹೆಚ್ಚಾಗಿ ಅಲ್ಲಿಂದಲೇ. ಮುಚ್ಚಳ ತೆಗೆದು, ಪೈಪ್ ಇಳಿಬಿಟ್ಟು, ಕ್ಯಾನಿಗೆ ಹರಿಸುವುದು ಎಲ್ಲಕ್ಕಿಂತ ಸುಲಭ. ಆದರೆ ಟ್ಯಾಂಕಿಗೆ ಬೇರೆ ಬಾಗಿಲುಗಳೂ ಇವೆ. ತಳದಲ್ಲಿ ಡ್ರೈನ್ ಪ್ಲಗ್, ಅಂದರೆ ಟ್ಯಾಂಕ್ ಖಾಲಿ ಮಾಡಲು ಬಿಚ್ಚುವ ಬಿರಡೆ ಇದೆ. ಮೇಲೆ ಗೇಜಿಗೆ ಡೀಸೆಲ್ ಮಟ್ಟ ತಿಳಿಸುವ ಫ್ಲೋಟ್ ಕೂರಿಸಿದ ಜಾಗ ಇದೆ. ಎಂಜಿನ್ ಕಡೆ ಹೋಗುವ ಪೈಪ್, ಅಲ್ಲಿಂದ ವಾಪಸ್ ಬರುವ ಪೈಪ್ ಇವೆ. ಎರಡು ಟ್ಯಾಂಕ್ ಇರುವ ಲಾರಿಯಲ್ಲಿ ಅವೆರಡನ್ನೂ ಸೇರಿಸುವ ಪೈಪ್ ಕೆಳಗೆ ಹಾದುಹೋಗಿರುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ಇವೆಲ್ಲ ಬೇಡ ಅನ್ನಿಸಿದವನು ಟ್ಯಾಂಕಿಗೇ ತೂತು ಹೊಡೆಯುತ್ತಾನೆ.

ಹಾಗಾಗಿ ಮೊದಲ ಕೆಲಸ ಸಾಮಾನು ತರುವುದಲ್ಲ. ಟಾರ್ಚ್ ಹಿಡಿದು ಲಾರಿ ಕೆಳಗೆ ಮಲಗಿ, ನಿಮ್ಮ ಟ್ಯಾಂಕಿಗೆ ಎಷ್ಟು ಬಾಗಿಲು ಇವೆ ಅಂತ ಎಣಿಸಿ.

ಟ್ಯಾಂಕ್ ಖಾಲಿ ಮಾಡಲು ಎಷ್ಟು ಹೊತ್ತು ಬೇಕು?

ನೀವು ಊಹಿಸಿದ್ದಕ್ಕಿಂತ ಕಡಿಮೆ. ಟ್ಯಾಂಕಿನ ಡೀಸೆಲ್ ಮಟ್ಟಕ್ಕಿಂತ ಪೈಪಿನ ಹೊರತುದಿ ಕೆಳಗಿದ್ದರೆ ಸಾಕು, ಒಮ್ಮೆ ಹರಿಯಲು ಶುರುವಾದದ್ದು ತಾನಾಗಿಯೇ ಹರಿಯುತ್ತದೆ. 20 ಮಿ.ಮೀ. ಪೈಪಿನಲ್ಲಿ ನಿಮಿಷಕ್ಕೆ 20 ಲೀಟರ್ ದಾಟುವುದು ಕಷ್ಟವೇನಲ್ಲ. ಬ್ಯಾಟರಿಯಲ್ಲಿ ಓಡುವ ಪಂಪ್ ಇದ್ದರೆ ಇನ್ನೂ ಜಾಸ್ತಿ. ಅಂದರೆ ನೀವು ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ 200 ಲೀಟರ್ ಹೋಗಿರುತ್ತದೆ.

ಇನ್ನೊಂದು ಮಾತು. ಬೇರೆ ಗಾಡಿಗೆ ಹಾಕಲು ಅಂತ ನಾವೇ ಪೈಪ್ ಬಾಯಿಗೆ ಹಚ್ಚಿ ಡೀಸೆಲ್ ಎಳೆಯುವ ಅಭ್ಯಾಸ ಇದೆಯಲ್ಲ, ಅದನ್ನು ಬಿಟ್ಟುಬಿಡಿ. ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಹೋದ ಒಂದು ಗುಟುಕು ಹೆಚ್ಚು ಅಪಾಯ. ಆಸ್ಪತ್ರೆ ಸೇರುವಷ್ಟು ನ್ಯುಮೋನಿಯಾ ಆಗಬಹುದು.

ಬೀಗ ಇರುವ ಮುಚ್ಚಳ ಹಾಕಿದರೆ ಸಾಲದೇ?

ಹಾಕಿ, ಆದರೆ ಅದನ್ನೇ ನಂಬಿ ಮಲಗಬೇಡಿ. ಕಂಪನಿಯಿಂದ ಬರುವ ಮುಚ್ಚಳಗಳಲ್ಲಿ ಎಷ್ಟೋ ಬೀಗಗಳು ಒಂದು ದಪ್ಪ ಸ್ಕ್ರೂಡ್ರೈವರ್‌ಗೆ ಸೋಲುತ್ತವೆ. ಮುಚ್ಚಳ ಬದಲಿಸುವಾಗ ಒಂದು ವಿಷಯ ನೋಡಿಕೊಳ್ಳಿ. ಕೆಲವು ಮುಚ್ಚಳಗಳ ಒಳಗೆ ಗಾಳಿ ಬರುವ ದಾರಿ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ನಿಮ್ಮ ಟ್ಯಾಂಕ್ ಉಸಿರಾಡುವುದು ಮುಚ್ಚಳದ ಮೂಲಕವೇ ಆಗಿದ್ದರೆ, ಗಾಳಿದಾರಿ ಇಲ್ಲದ ಮುಚ್ಚಳ ಹಾಕಿದ ದಿನ ಎಂಜಿನ್ ಅರ್ಧದಾರಿಯಲ್ಲಿ ಉಸಿರು ಕಟ್ಟಿ ನಿಲ್ಲುತ್ತದೆ.

ಟ್ಯಾಂಕಿಗೆ ಕೈ ಹಚ್ಚದೆ ಮಾಡಬಹುದಾದ ಕೆಲಸ ಯಾವುದು?

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು. ಟ್ಯಾಂಕನ್ನು ಕೊರೆಯದೆ, ಸುಡದೆ, ಅದರ ಸುತ್ತ ಮಾಡುವ ಕೆಲಸವೇ ನಮ್ಮಂಥವರಿಗೆ ಸರಿ. ಅದರಲ್ಲಿ ಒಳ್ಳೆಯದು ಮುಚ್ಚಳದ ಮೇಲೆ ಅಡ್ಡಪಟ್ಟಿ.

ಟ್ಯಾಂಕನ್ನು ಚಾಸಿಗೆ ಹಿಡಿದಿಡಲು ಎರಡು ಅಥವಾ ಮೂರು ಅಗಲ ಪಟ್ಟಿಗಳು ಸುತ್ತಿರುತ್ತವೆ. ಸಾಮಾನ್ಯವಾಗಿ ಮುಚ್ಚಳ ಎರಡು ಪಟ್ಟಿಗಳ ನಡುವೆ ಬರುತ್ತದೆ. ಒಂದು ಪಟ್ಟಿಗೆ ಕೀಲು, ಇನ್ನೊಂದಕ್ಕೆ ಬೀಗದ ಕೊಂಡಿ ಕೂರಿಸಿ, ನಡುವೆ 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯನ್ನು ಮುಚ್ಚಳದ ಮೇಲೆ ಹಾಯಿಸಿ. ಕೀಲನ್ನೂ ಕೊಂಡಿಯನ್ನೂ ಬೆಂಚಿನ ಮೇಲೆ, ಲಾರಿಯಿಂದ ದೂರ ಮಾಡಿಕೊಂಡು ಬನ್ನಿ. ಟ್ಯಾಂಕಿನ ಪಟ್ಟಿಗೆ ಅವನ್ನು ಕ್ಲ್ಯಾಂಪ್‌ನಿಂದ ಹಿಡಿಸಬೇಕು, ಸ್ಥಳದಲ್ಲಿ ವೆಲ್ಡ್ ಮಾಡುವಂತಿಲ್ಲ. ಕ್ಲ್ಯಾಂಪಿನ ಬೋಲ್ಟ್ ತಲೆಗಳು ಬೀಗ ಹಾಕಿದಾಗ ಅಡ್ಡಪಟ್ಟಿಯ ಅಡಿಯಲ್ಲಿ ಮುಚ್ಚಿಹೋಗಬೇಕು. ಇಲ್ಲದಿದ್ದರೆ ಬೀಗ ಮುಟ್ಟದೆ ಪಾನಾ ಹಾಕಿ ಇಡೀ ಜೋಡಣೆಯನ್ನೇ ಬಿಚ್ಚಿಕೊಂಡು ಹೋಗುತ್ತಾರೆ.

ಅಳತೆಯಲ್ಲಿ ಒಂದೇ ಗುಟ್ಟು. ಮುಚ್ಚಳಕ್ಕೂ ಅಡ್ಡಪಟ್ಟಿಗೂ ನಡುವೆ 4–5 ಮಿ.ಮೀ. ಸಂದು ಇರಲಿ. ಸಂದು ಮುಚ್ಚಳದ ಒಳಭಾಗದ ಆಳಕ್ಕಿಂತ ಕಡಿಮೆ ಇದ್ದರೆ, ತಿರುಗಿಸಿದರೂ ಅದನ್ನು ಮೇಲಕ್ಕೆ ಎತ್ತಲು ಆಗುವುದಿಲ್ಲ. ಪೂರ್ತಿ ಒತ್ತಿ ಕೂರಿಸಬೇಡಿ. ದಾರಿಯ ಅದುರಿಗೆ ಮುಚ್ಚಳ ಸವೆದು ವಾಷರ್ ಹಾಳಾಗುತ್ತದೆ.

ಕಬ್ಬಿಣ ಟ್ಯಾಂಕಿಗೆ ತಾಗುವ ಕಡೆಯೆಲ್ಲ ದಪ್ಪ ರಬ್ಬರ್ ಇಡಿ. ನಾನು ಮೊದಲ ಸಲ ರಬ್ಬರ್ ಇಡದೆ ಬಿಟ್ಟಿದ್ದೆ. ಕೆಲವೇ ತಿಂಗಳಲ್ಲಿ ಅಲ್ಯೂಮಿನಿಯಂ ಮೇಲೆ ಉಗುರು ಸಿಗುವಷ್ಟು ಗೀರು ಬಿದ್ದಿತ್ತು. ಕಳ್ಳ ಮಾಡಬೇಕಾದ ತೂತನ್ನು ನಾನೇ ಮಾಡಲು ಹೊರಟಿದ್ದೆ, ನೋಡಿ. ಮತ್ತೆ, ಟ್ಯಾಂಕ್ ಹಿಡಿದ ಪಟ್ಟಿಯ ನಟ್ಟನ್ನು ಸಡಿಲಿಸುವ ಕೆಲಸ ಬಂದರೆ ಟ್ಯಾಂಕ್ ತುಂಬಿರುವಾಗ ಬೇಡವೇ ಬೇಡ. 300 ಲೀಟರ್ ಡೀಸೆಲ್ ಅಂದರೆ ಸುಮಾರು 250 ಕೆ.ಜಿ. ತೂಕ.

ಬೀಗ ಎಂಥದ್ದು ತರಲಿ?

ಕೊಂಡಿ ಹೊರಗೆ ಕಾಣದಂಥದ್ದು. ಕೊಂಡಿ ಕಂಡರೆ ಕಟರ್ ಬಾಯಿಗೆ ಸಿಗುತ್ತದೆ. ಕೆಸರು, ನೀರು ಬೀಳುವ ಜಾಗವಾದ್ದರಿಂದ ಬೀಗದ ಮೇಲೆ ಟ್ಯೂಬಿನ ಒಂದು ತುಂಡು ಇಳಿಬಿಡಿ. ಒಳಗೆ ಗ್ರೀಸ್ ತುಂಬಬೇಡಿ, ಧೂಳು ಹಿಡಿದು ಗಟ್ಟಿಯಾಗುತ್ತದೆ. ಗ್ರಾಫೈಟ್ ಪುಡಿ ಸಾಕು.

ಟ್ಯಾಂಕಿನ ಕತ್ತಿನೊಳಗೆ ಜಾಲರಿ ಕೊಳವೆ ಹಾಕುತ್ತಾರಲ್ಲ, ಅದು ಹೇಗೆ ಕೆಲಸ ಮಾಡುತ್ತದೆ?

ತೂತು ತೂತಾದ ಒಂದು ಕೊಳವೆ ಕತ್ತಿನಿಂದ ಒಳಕ್ಕೆ ಇಳಿದಿರುತ್ತದೆ. ಡೀಸೆಲ್ ಒಳಗೆ ಹೋಗುತ್ತದೆ, ಪೈಪ್ ಹೋಗುವುದಿಲ್ಲ. ಕೊಳವೆಯೊಳಗೆ ಇರುವಷ್ಟು ಎತ್ತರದ ಡೀಸೆಲ್ ಮಾತ್ರ ಕಳ್ಳನಿಗೆ ಸಿಗುತ್ತದೆ. ಕೊಳವೆ ಗಿಡ್ಡ ಇದ್ದಷ್ಟೂ ಅವನಿಗೆ ಸಿಗುವುದು ಕಡಿಮೆ. ಆದರೆ ತೀರಾ ಗಿಡ್ಡ ಮಾಡಿದರೆ ಬಂಕಿನಲ್ಲಿ ಡೀಸೆಲ್ ಹಾಕುವ ಪಂಪಿನ ನಾಜಲ್ ಕೂರುವುದಿಲ್ಲ. 150ರಿಂದ 250 ಮಿ.ಮೀ. ಉದ್ದ ಸಾಮಾನ್ಯವಾಗಿ ಹೊಂದಿಕೆಯಾಗುತ್ತದೆ.

ಹೀಗೆ ಮಾಡಿದ ಮೇಲೆ ಅಳತೆ ಕೋಲು ತಳ ಮುಟ್ಟುವುದಿಲ್ಲ ಅನ್ನುವುದು ನೆನಪಿರಲಿ. ಕೋಲು ಇಳಿಸಿ ಡೀಸೆಲ್ ನೋಡುವ ಅಭ್ಯಾಸ ಇದ್ದವರು ಇನ್ನು ಗೇಜನ್ನೇ ನಂಬಬೇಕು.

ಆ ಕೊಳವೆಯನ್ನು ನಾನೇ ಮಾಡಬಹುದಾ?

ಮಾಡಬಹುದು. ಆದರೆ ನನ್ನ ಮಾತು ಕೇಳಿದರೆ ಅದೊಂದನ್ನು ಸಿದ್ಧವಾಗಿಯೇ ತನ್ನಿ. ಕತ್ತಿನ ಒಳಗಿನ ಕಚ್ಚಿಗೆ ಸಿಕ್ಕಿಸಿ ಬಿಗಿ ಮಾಡುವಂಥವು ಸಿಗುತ್ತವೆ, ಟ್ಯಾಂಕ್ ಕೊರೆಯಬೇಕಾಗಿಲ್ಲ. ಮಾಡಿಯೇ ತೀರುತ್ತೇನೆ ಅನ್ನುವವರಿಗೆ ಲೆಕ್ಕ ಹೇಳುತ್ತೇನೆ.

25 ಮಿ.ಮೀ. ಒಳಅಗಲದ ನಾಜಲ್ ಬಾಯಿಯ ವಿಸ್ತೀರ್ಣ ಸುಮಾರು 490 ಚದರ ಮಿ.ಮೀ. 6 ಮಿ.ಮೀ. ತೂತು ಒಂದರದ್ದು ಸುಮಾರು 28. ಅಂದರೆ 18 ತೂತುಗಳು ಸೇರಿದರೆ ನಾಜಲ್ ಬಾಯಿಗೆ ಸಮ. ಆದರೆ ಸಮ ಇದ್ದರೆ ಸಾಲದು. ಡೀಸೆಲ್ ಹೊರಗೆ ಹೋಗುವಾಗಲೇ ಗಾಳಿ ವಾಪಸ್ ಬರಬೇಕು, ನೊರೆಯೂ ಏಳುತ್ತದೆ. ನಾಲ್ಕೈದು ಪಟ್ಟು ಇಡಿ, 70–90 ತೂತು ಆಗುತ್ತದೆ. ಅವುಗಳಲ್ಲಿ ಒಂದು ಸಾಲು ಮೇಲ್ಗಡೆ, ಕತ್ತಿನ ಹತ್ತಿರವೇ ಇರಲಿ, ಗಾಳಿಗೆ. ತಳವನ್ನು ತಟ್ಟೆಯಿಂದ ಪೂರ್ತಿ ಮುಚ್ಚದೆ ಎರಡು ಅಡ್ಡಕಂಬಿ ಹಾಕಿದರೆ ಹರಿವು ಚೆನ್ನಾಗಿರುತ್ತದೆ. ಕೊರೆದ ತೂತುಗಳ ಅಂಚನ್ನು ಅರದಿಂದ ಉಜ್ಜಿ, ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು, ಮತ್ತೆ ತೊಳೆಯಿರಿ. ಎರಡನೇ ಸಲ ತೊಳೆದ ಎಣ್ಣೆಯಲ್ಲೂ ಪುಡಿ ಮಿಂಚುತ್ತಿರುತ್ತದೆ!

ಕೊಳವೆ ಕೂರಿಸಲು ಕತ್ತಿಗೆ ರಿವೆಟ್ ಹೊಡೆಯಬಹುದಾ?

ರಿವೆಟ್ ಅಂದರೆ ಡ್ರಿಲ್, ಡ್ರಿಲ್ ಅಂದರೆ ಪುಡಿ. ಆ ಪುಡಿ ಟ್ಯಾಂಕಿನೊಳಗೆ ಬೀಳುತ್ತದೆ. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವಂಥವುಗಳಲ್ಲಿ, ಡೀಸೆಲ್ ಒತ್ತಡ 1600 ಬಾರ್ ದಾಟುತ್ತದೆ, ಕೆಲವದರಲ್ಲಿ 2000 ಮೀರುತ್ತದೆ. ಅಲ್ಲಿ ಬಿಡಿಭಾಗಗಳ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕದ್ದು. ಫಿಲ್ಟರ್ ಬಹುಪಾಲು ತಡೆಯುತ್ತದೆ ನಿಜ, ಆದರೆ ಫಿಲ್ಟರ್ ಬೇಗ ಕಟ್ಟುತ್ತದೆ. ಅಲ್ಯೂಮಿನಿಯಂ ಪುಡಿಯನ್ನು ಅಯಸ್ಕಾಂತ ಎಳೆಯುವುದಿಲ್ಲ ಅನ್ನುವುದು ಇನ್ನೊಂದು ತಲೆನೋವು.

ಕಿಡಿಯ ವಿಷಯವೂ ಇದೆ. ಬ್ಯಾಟರಿ ಡ್ರಿಲ್ ಆದರೂ ಅದರ ಮೋಟಾರ್ ಒಳಗೆ ಕಿಡಿ ಹಾರಬಹುದು. ಅದಕ್ಕೇ ಈ ದಾರಿ ನನಗೆ ಇಷ್ಟವಿಲ್ಲ. ಮಾಡಿಸಲೇಬೇಕಾದರೆ ಟ್ಯಾಂಕ್ ಇಳಿಸಿ, ಖಾಲಿ ಮಾಡಿ, ತೊಳೆಸಿ, ಆ ಕೆಲಸ ಗೊತ್ತಿರುವವರ ಕೈಯಲ್ಲಿ ಮಾಡಿಸಿ.

ಡೀಸೆಲ್ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ ಅಂತಾರೆ. ಹಾಗಾದರೆ ಟ್ಯಾಂಕಿಗೆ ಒಂದು ಕೊಂಡಿ ವೆಲ್ಡ್ ಮಾಡಿದರೆ ಏನಾಗುತ್ತದೆ?

ಜೀವ ಹೋಗುತ್ತದೆ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಪೆಟ್ರೋಲಿನ ಆವಿ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಡೀಸೆಲ್ ಆವಿಗೆ ಅದಕ್ಕಿಂತ ಬಹಳ ಹೆಚ್ಚು ಬಿಸಿ ಬೇಕು, ಹೆಚ್ಚಿನ ಬಗೆಗಳಿಗೆ 50 ಡಿಗ್ರಿಯ ಮೇಲೆ. ಅದಕ್ಕೇ ಬಕೆಟ್ಟಿನ ಡೀಸೆಲ್‌ಗೆ ಬೆಂಕಿಕಡ್ಡಿ ಎಸೆದರೆ ಆರಿಹೋಗುವುದನ್ನು ನೋಡಿ ಜನ ಧೈರ್ಯ ಮಾಡುತ್ತಾರೆ. ಆದರೆ ವೆಲ್ಡಿಂಗ್ ರಾಡ್ ತಾಗಿದ ತಗಡು ಸಾವಿರ ಡಿಗ್ರಿ ಮೀರುತ್ತದೆ. ಒಳಗೋಡೆಗೆ ಅಂಟಿದ ತೆಳು ಡೀಸೆಲ್ ಆ ಕ್ಷಣವೇ ಆವಿಯಾಗುತ್ತದೆ. ಒಳಗೆ ಗಾಳಿ ಇದೆ, ಆವಿ ಇದೆ, ಬಿಸಿ ಇದೆ, ಹೊರಗೆ ಹೋಗಲು ದಾರಿ ಇಲ್ಲ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯ, ಯಾಕೆಂದರೆ ಅದರಲ್ಲಿ ಗಾಳಿ ಜಾಸ್ತಿ. ನೀರು ಹಾಕಿ ತೊಳೆದಿದ್ದೇನೆ ಅನ್ನುವ ಮಾತಿಗೂ ಬೆಲೆ ಇಲ್ಲ. ಜೋಡಣೆಯ ಸಂದಿನಲ್ಲಿ ಉಳಿದ ಒಂದು ಚಮಚವೂ ಸಾಕು. ಗ್ರೈಂಡರ್ ಹಿಡಿಯುವವರಿಗೂ ಇದೇ ಮಾತು.

ಜಾಲರಿಗೆ ಯಾವ ಲೋಹ ಬಳಸಬೇಕು?

ಅಲ್ಯೂಮಿನಿಯಂ ಟ್ಯಾಂಕಿಗೆ ಅಲ್ಯೂಮಿನಿಯಂ. ಕಬ್ಬಿಣದ ಟ್ಯಾಂಕಿಗೆ ಸ್ಟೇನ್‌ಲೆಸ್ ಅಥವಾ ಅಲ್ಯೂಮಿನಿಯಂ. ಸತು ಲೇಪಿಸಿದ ಜಾಲರಿ, ಅಂದರೆ ಜಿಐ, ಬೇಡ. ತಾಮ್ರ, ಹಿತ್ತಾಳೆಯೂ ಬೇಡ. ಈ ಲೋಹಗಳು ಡೀಸೆಲನ್ನು ಬೇಗ ಕೆಡಿಸುತ್ತವೆ. ಸತುವಂತೂ ಡೀಸೆಲ್‌ನಲ್ಲಿ ಕರಗಿ ಇಂಜೆಕ್ಟರ್ ತುದಿಯಲ್ಲಿ ಗಸಿ ಕಟ್ಟುತ್ತದೆ. ಕೋಳಿ ಗೂಡಿನ ಜಾಲರಿ ತಂದು ಸುತ್ತಿ ತುರುಕಿದವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ. ವಾಷರ್‌ಗೆ ಸಾದಾ ರಬ್ಬರ್ ಹಾಕಿದರೆ ಡೀಸೆಲ್‌ಗೆ ಉಬ್ಬುತ್ತದೆ. ಜೈವಿಕ ಡೀಸೆಲ್ ಬೆರೆತಿದ್ದರೆ ವೈಟಾನ್ ಅನ್ನುವ, ಎಣ್ಣೆ ತಾಳುವ ರಬ್ಬರಿನ ವಾಷರ್ ಒಳ್ಳೆಯದು.

ಜಾಲರಿ ಹಾಕಿದ ಮೇಲೆ ಪಂಪಿನಲ್ಲಿ ನಾಜಲ್ ಟಕ್ ಟಕ್ ಅಂತ ಕಟ್ ಆಗುತ್ತಿದೆ. ಏನು ಮಾಡಲಿ?

ನಾಜಲ್ ತುದಿಯ ಹತ್ತಿರ ಒಂದು ಸಣ್ಣ ತೂತು ಇರುತ್ತದೆ. ಅದರಿಂದ ಗಾಳಿ ಎಳೆಯುತ್ತಿರುತ್ತದೆ. ಡೀಸೆಲ್ ಅಥವಾ ನೊರೆ ಆ ತೂತು ಮುಚ್ಚಿದ ತಕ್ಷಣ ಒಳಗಿನ ಕೀಲು ಬಿದ್ದು ಹರಿವು ನಿಲ್ಲುತ್ತದೆ. ಕೊಳವೆಯೊಳಗೆ ಡೀಸೆಲ್ ಬೇಗ ಇಳಿಯದಿದ್ದರೆ ಟ್ಯಾಂಕ್ ತುಂಬಿತು ಅಂತ ನಾಜಲ್ ಅಂದುಕೊಳ್ಳುತ್ತದೆ. ನಾಜಲನ್ನು ಅರ್ಧ ಹೊರಗೆಳೆದು, ನಿಧಾನ ಹರಿವಿನಲ್ಲಿ ಹಾಕಿಸಿ ನೋಡಿ. ಆಗ ಸರಿಹೋದರೆ ತೂತುಗಳು ಸಾಲದು ಅಂತ ಅರ್ಥ. ಲಾರಿಗಳಿಗೆ ಅಂತಲೇ ಇರುವ ದಪ್ಪ ನಾಜಲ್‌ಗಳು ನಿಮಿಷಕ್ಕೆ 100 ಲೀಟರ್‌ಗಿಂತ ಹೆಚ್ಚು ಸುರಿಯುತ್ತವೆ, ಅವುಗಳ ಮುಂದೆ ಮನೆಯಲ್ಲಿ ಮಾಡಿದ ಎಷ್ಟೋ ಕೊಳವೆಗಳು ಸೋಲುತ್ತವೆ.

ಡ್ರೈನ್ ಪ್ಲಗ್‌ಗೆ ಏನು ಮಾಡಬೇಕು?

ತಂತಿ ಬಿಗಿಯಿರಿ. ಪ್ಲಗ್ಗಿನ ತಲೆಯಲ್ಲಿ ಸಣ್ಣ ತೂತು ಇದ್ದರೆ ಸ್ಟೇನ್‌ಲೆಸ್ ತಂತಿ ಹಾಯಿಸಿ, ಪ್ಲಗ್ ಬಿಗಿಯಾಗುವ ದಿಕ್ಕಿಗೆ ಎಳೆಯುವಂತೆ ಬ್ರ್ಯಾಕೆಟ್ಟಿಗೆ ಸುತ್ತಿ. ಕಳ್ಳನನ್ನು ಇದು ಪೂರ್ತಿ ತಡೆಯುವುದಿಲ್ಲ, ಆದರೆ ಕತ್ತಲಲ್ಲಿ ಮಲಗಿ ಕೆಲಸ ಮಾಡುವವನಿಗೆ ಇನ್ನೊಂದು ಕಾಟ. ಇನ್ನೂ ಗಟ್ಟಿ ಬೇಕಾದರೆ ಟ್ಯಾಂಕಿನ ಪಟ್ಟಿಗಳ ನಡುವೆ ಕೆಳಗಡೆ ಒಂದು ತಟ್ಟೆ ಕಟ್ಟಿ. ಕಲ್ಲು ಬಡಿಯುವುದನ್ನೂ ಅದು ತಡೆಯುತ್ತದೆ. ತಟ್ಟೆಯಲ್ಲಿ ನೀರು, ಕೆಸರು ನಿಲ್ಲದಂತೆ ತೂತು ಬಿಡಿ.

ಫ್ಲೋಟಿನ ಸ್ಕ್ರೂ, ಪೈಪುಗಳು?

ಫ್ಲೋಟಿನ ತಟ್ಟೆಯನ್ನು ಹಿಡಿದಿರುವ ಸ್ಕ್ರೂಗಳಲ್ಲಿ ಎರಡನ್ನಾದರೂ ಸಾದಾ ಸ್ಕ್ರೂಡ್ರೈವರ್ ಹಿಡಿಯದ ತಲೆಯವಕ್ಕೆ ಬದಲಿಸಿ. ಒಂದೊಂದಾಗಿ ಬದಲಿಸಿ, ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ, ವಾಷರ್ ಜರುಗುತ್ತದೆ. ಒಂದು ದಾರಿಯಲ್ಲಿ ಮಾತ್ರ ತಿರುಗುವ ಸ್ಕ್ರೂ ಮಾತ್ರ ಹಾಕಬೇಡಿ. ನಾಳೆ ಫ್ಲೋಟ್ ಕೆಟ್ಟರೆ ನಿಮ್ಮ ಮೆಕ್ಯಾನಿಕ್ ನಿಮ್ಮನ್ನೇ ಬಯ್ಯುತ್ತಾನೆ. ಪೈಪುಗಳಿಗೆ ಸ್ಟೀಲ್ ಹೆಣಿಗೆಯ ಹೊದಿಕೆ ಹಾಕಿಸಬಹುದು. ಸೈಲೆನ್ಸರಿಗೂ ಎಕ್ಸಾಸ್ಟ್ ಪೈಪಿಗೂ ತಾಗದಂತೆ ಕಟ್ಟಿಸಿ.

ಟ್ಯಾಂಕಿನ ಗಾಳಿಪೈಪನ್ನೂ ಮುಚ್ಚಿಬಿಟ್ಟರೆ ಇನ್ನೂ ಭದ್ರ ಅಲ್ವಾ?

ಅಲ್ಲ. ಎಂಜಿನ್ ಡೀಸೆಲ್ ಎಳೆದಷ್ಟೂ ಟ್ಯಾಂಕಿಗೆ ಗಾಳಿ ಬರಬೇಕು. ಬರದಿದ್ದರೆ ಒಳಗೆ ನಿರ್ವಾತವಾಗಿ ಎಂಜಿನ್ ಶಕ್ತಿ ಕಳೆದುಕೊಳ್ಳುತ್ತದೆ, ಟ್ಯಾಂಕ್ ಒಳಕ್ಕೆ ಕುಗ್ಗಲೂಬಹುದು. ಬಿಸಿಲಲ್ಲಿ ತೊಂದರೆ ಉಲ್ಟಾ. 20 ಡಿಗ್ರಿ ಬಿಸಿ ಏರಿದರೆ 300 ಲೀಟರ್ ಡೀಸೆಲ್ ಸುಮಾರು 5 ಲೀಟರ್ ಹಿಗ್ಗುತ್ತದೆ. ಅದಕ್ಕೆ ಜಾಗ ಬೇಕು. ಹಾಗಾಗಿ ಟ್ಯಾಂಕನ್ನು ಕಂಠಪೂರ್ತಿ ತುಂಬಿಸುವ ಅಭ್ಯಾಸವೂ ಒಳ್ಳೆಯದಲ್ಲ.

ಅಲಾರಂ ನಾನೇ ಜೋಡಿಸಬಹುದಾ?

ಸ್ವಲ್ಪ ವೈರಿಂಗ್ ಗೊತ್ತಿದ್ದರೆ ಖಂಡಿತ. ಬಾಗಿಲಿಗೆ ಹಾಕುವಂಥ ಅಯಸ್ಕಾಂತದ ಸ್ವಿಚ್ ಸಾಕು. ಅಯಸ್ಕಾಂತ ಅಡ್ಡಪಟ್ಟಿಯಲ್ಲಿ, ಸ್ವಿಚ್ ಟ್ಯಾಂಕಿನ ಪಟ್ಟಿಯ ಮೇಲೆ. ಎರಡೂ ಟ್ಯಾಂಕಿನ ಹೊರಗೇ ಇರಬೇಕು. ಟ್ಯಾಂಕಿನೊಳಗೆ ಮನೆಯಲ್ಲಿ ಮಾಡಿದ ಯಾವ ಎಲೆಕ್ಟ್ರಿಕ್ ಸಾಮಾನೂ ಇಳಿಯಕೂಡದು.

ಸರ್ಕ್ಯೂಟನ್ನು ಯಾವಾಗಲೂ ಕೂಡಿರುವಂತೆ ಮಾಡಿ. ಪಟ್ಟಿ ಎತ್ತಿದರೂ ಕೂಗಬೇಕು, ವೈರ್ ಕತ್ತರಿಸಿದರೂ ಕೂಗಬೇಕು. ಹೆಚ್ಚಿನ ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ, 12 ವೋಲ್ಟಿನ ಹಾರನ್ ತಂದು ಜೋಡಿಸಿದರೆ ಸುಟ್ಟುಹೋಗುತ್ತದೆ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಹಾರನ್ ಅನ್ನು ಟ್ಯಾಂಕಿನ ಹತ್ತಿರ ಇಡುವುದಕ್ಕಿಂತ ಡ್ರೈವರ್ ಮಲಗುವ ಕಡೆ ಒಂದು, ಹೊರಗೆ ಕೈಗೆ ಸಿಗದ ಎತ್ತರದಲ್ಲಿ ಒಂದು ಇಡಿ.

ಡೀಸೆಲ್ ಮಟ್ಟ ಇಳಿದಾಗ ಫೋನಿಗೆ ಸುದ್ದಿ ಕಳಿಸುವ ಸೆನ್ಸರ್‌ಗಳೂ ಇವೆ. ಒಳ್ಳೆಯವೇ. ಆದರೆ ಲಾರಿ ಇಳಿಜಾರಿನಲ್ಲಿ ನಿಂತರೂ, ಡೀಸೆಲ್ ಕುಲುಕಿದರೂ ಮಟ್ಟ ಬದಲಾಗಿ ಕಾಣುತ್ತದೆ. ಲೀಟರ್ ಲೀಟರಿಗೂ ಕೂಗುವಂತೆ ಇಟ್ಟರೆ ಎರಡೇ ದಿನದಲ್ಲಿ ನೀವೇ ಅದನ್ನು ಬಂದ್ ಮಾಡುತ್ತೀರಿ. ನಿಂತ ಲಾರಿಯಲ್ಲಿ ಕೆಲವೇ ನಿಮಿಷದಲ್ಲಿ 10–15 ಲೀಟರ್ ಇಳಿದರೆ ಕೂಗಲಿ. ಎಂಜಿನ್ ಸುಮ್ನೆ ಓಡುತ್ತಿದ್ದರೂ ಗಂಟೆಗೆ ಎರಡು ಮೂರು ಲೀಟರಿನ ಆಸುಪಾಸು ಖರ್ಚಾಗುವುದರಿಂದ ಆ ವ್ಯತ್ಯಾಸ ಸುಲಭವಾಗಿ ಗೊತ್ತಾಗುತ್ತದೆ.

ಮುಚ್ಚಳಕ್ಕೆ ಕರೆಂಟ್ ಕೊಟ್ಟರೆ? ಬ್ಲೇಡ್ ಅಂಟಿಸಿದರೆ?

ಬೇಡ. ಡೀಸೆಲ್ ಬಾಯಿಯಲ್ಲಿ ಕಿಡಿ ಹಾರಿಸುವ ಯೋಚನೆಯೇ ತಪ್ಪು. ಇನ್ನು ಬ್ಲೇಡಿಗೆ ಮೊದಲು ಸಿಗುವುದು ಪಂಪಿನಲ್ಲಿ ಡೀಸೆಲ್ ಹಾಕುವ ಹುಡುಗನ ಕೈ. ಕಳ್ಳನೇ ಗಾಯಗೊಂಡರೂ ಕೇಸ್ ನಿಮ್ಮ ಮೇಲೆ ಬೀಳಬಹುದು.

ಇಷ್ಟೆಲ್ಲ ಭದ್ರ ಮಾಡಿದರೆ ಅವನು ಟ್ಯಾಂಕನ್ನೇ ಕೊರೆಯುತ್ತಾನಲ್ಲ?

ಕೊರೆಯಬಹುದು. ಇದು ನಿಜವಾದ ಭಯ, ಯಾಕೆಂದರೆ ಹೊಸ ಟ್ಯಾಂಕಿನ ಖರ್ಚು ಎಷ್ಟೋ ಸಲ ಹೋದ ಡೀಸೆಲ್‌ಗಿಂತ ಜಾಸ್ತಿ. ಆದರೆ ಕೊರೆಯಲು ಸದ್ದಾಗುತ್ತದೆ, ಡೀಸೆಲ್ ಅರ್ಧ ನೆಲಕ್ಕೆ ಹೋಗುತ್ತದೆ, ಬಟ್ಟೆ ನೆನೆಯುತ್ತದೆ. ಪಕ್ಕದಲ್ಲಿ ಬೀಗವಿಲ್ಲದ ಲಾರಿ ನಿಂತಿದ್ದರೆ ಅವನು ಅಲ್ಲಿಗೇ ಹೋಗುತ್ತಾನೆ. ಕೇಳಲು ಚೆಂದ ಇಲ್ಲ, ಆದರೆ ಇರುವುದು ಹಾಗೆ. ರಾತ್ರಿ ನಿಲ್ಲಿಸುವಾಗ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಇರದಂತೆ ನೋಡಿಕೊಂಡರೆ ಹೋಗುವುದೂ ಕಡಿಮೆ. ಒಂದೇ ತೊಂದರೆ, ಖಾಲಿ ಟ್ಯಾಂಕಿನಲ್ಲಿ ಚಳಿಗೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಹಾಗೆ ಮಾಡುವವರು ಫಿಲ್ಟರಿನ ನೀರನ್ನು ಆಗಾಗ ತೆಗೆಯುತ್ತಿರಬೇಕು.

ಲಾರಿ ನಿಲ್ಲಿಸುವ ರೀತಿಯಿಂದ ಉಪಯೋಗ ಇದೆಯಾ?

ಇದೆ, ಅದೂ ಪುಕ್ಕಟೆ. ಟ್ಯಾಂಕ್ ಇರುವ ಮಗ್ಗುಲನ್ನು ಗೋಡೆಗೆ ಒತ್ತಿ ನಿಲ್ಲಿಸಿ. ಎರಡು ಲಾರಿ ಇದ್ದರೆ ಟ್ಯಾಂಕಿಗೆ ಟ್ಯಾಂಕ್ ಎದುರಾಗಿ, ಮನುಷ್ಯ ತೂರದಷ್ಟು ಹತ್ತಿರ ನಿಲ್ಲಿಸಿ.

ಕದಿಯುವವನು ನಮ್ಮವನೇ ಆದರೆ?

ಬೀಗದ ಕೀಲಿ ಇರುವವನಿಗೆ ಬೀಗ ಅಡ್ಡಿಯಲ್ಲ. ಇಲ್ಲಿ ಕಬ್ಬಿಣಕ್ಕಿಂತ ಪುಸ್ತಕ ಹೆಚ್ಚು ಕೆಲಸ ಮಾಡುತ್ತದೆ. ಒಂದು ಸಲ ತುಂಬಿದ ಮಟ್ಟಕ್ಕೇ ಮುಂದಿನ ಸಲವೂ ತುಂಬಿಸಿ, ನಡುವಿನ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ. ಲೋಡ್, ಘಾಟಿ, ಗಾಳಿಗೆ ತಕ್ಕಂತೆ ಅಂಕಿ ಹಿಂದೆ ಮುಂದೆ ಆಗುತ್ತದೆ. ಹಾಗಾಗಿ ಒಂದು ಟ್ರಿಪ್ ನೋಡಿ ಯಾರ ಮೇಲೂ ಎಗರಬೇಡಿ. ಅದೇ ದಾರಿ, ಅದೇ ಲೋಡಿನ ಎಂಟು ಹತ್ತು ಟ್ರಿಪ್ ಪಕ್ಕಪಕ್ಕ ಇಟ್ಟು ನೋಡಿ. ಟಯರ್ ಗಾಳಿ ಕಡಿಮೆ ಇರುವುದು, ಬ್ರೇಕ್ ಹಿಡಿದುಕೊಂಡಿರುವುದು, ಇಂಜೆಕ್ಟರ್ ಸೋರುವುದು, ಇವೂ ಮೈಲೇಜ್ ತಿನ್ನುತ್ತವೆ. ನಾನು ಒಮ್ಮೆ ಒಳ್ಳೆಯ ಡ್ರೈವರ್ ಮೇಲೆ ಅನುಮಾನ ಪಟ್ಟೆ. ಆಮೇಲೆ ನೋಡಿದರೆ ವಾಪಸ್ ಪೈಪಿನ ಜೋಡಣೆಯಲ್ಲಿ ಸಣ್ಣ ಸೋರಿಕೆ ಇತ್ತು. ಅವನ ಮುಖ ನೋಡಲು ನನಗೇ ನಾಚಿಕೆಯಾಯಿತು.

ನಂಬರ್ ಇರುವ ಪ್ಲಾಸ್ಟಿಕ್ ಸೀಲನ್ನು ಅಡ್ಡಪಟ್ಟಿಗೆ ಹಾಕುವುದೂ ಒಂದು ಉಪಾಯ. ಡೀಸೆಲ್ ಹಾಕಿಸಿದಾಗಲೆಲ್ಲ ಹಳೆಯ ನಂಬರ್, ಹೊಸ ನಂಬರ್ ಬರೆದಿಡಿ.

ಆಡ್‌ಬ್ಲೂ ಟ್ಯಾಂಕಿಗೂ ಇದನ್ನೆಲ್ಲ ಮಾಡಬೇಕಾ?

ಆಡ್‌ಬ್ಲೂ ಅಂದರೆ ಹೊಗೆಯನ್ನು ಶುದ್ಧ ಮಾಡಲು ಬಳಸುವ ಯೂರಿಯಾ ನೀರು. ನೀಲಿ ಮುಚ್ಚಳದ ಆ ಟ್ಯಾಂಕಿಗೆ ಬೀಗದ ಮುಚ್ಚಳ ಸಾಕು. ಅದರ ಕತ್ತಿನೊಳಗೆ ಅಯಸ್ಕಾಂತದ ಬಳೆ ಇದ್ದರೆ ಕಿತ್ತುಹಾಕಬೇಡಿ, ನಾಜಲ್ ತೆರೆಯಲು ಅದು ಬೇಕು. ಆಡ್‌ಬ್ಲೂ ತಾಮ್ರ, ಹಿತ್ತಾಳೆ, ಸಾದಾ ಕಬ್ಬಿಣವನ್ನು ತಿನ್ನುತ್ತದೆ. ಅದರ ಒಳಗೆ ಏನನ್ನೂ ಇಳಿಸದಿರುವುದು ಒಳ್ಳೆಯದು.

ವಾರಂಟಿ, ವಿಮೆಗೆ ತೊಂದರೆ ಆಗುತ್ತದೆಯೇ?

ಹೊರಗಿನಿಂದ ಕ್ಲ್ಯಾಂಪ್ ಹಾಕಿದ್ದನ್ನು ಬಿಚ್ಚಬಹುದು, ಟ್ಯಾಂಕ್ ಮೊದಲಿನಂತೆಯೇ ಇರುತ್ತದೆ. ಕೊರೆದ ಟ್ಯಾಂಕ್ ಹಾಗಲ್ಲ. ಕೆಲಸಕ್ಕೆ ಮುಂಚೆ ಕಂಪನಿಯವರನ್ನೂ ವಿಮೆಯವರನ್ನೂ ಒಂದು ಮಾತು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಪೆಟ್ರೋಲ್, ಗ್ಯಾಸ್, ರಾಸಾಯನಿಕ ಸಾಗಿಸುವ ಗಾಡಿಗಳಲ್ಲಿ ಮಾತ್ರ ಮನೆಯ ವೈರಿಂಗ್ ಯಾವುದೂ ಬೇಡ. ಅವುಗಳ ನಿಯಮಗಳೇ ಬೇರೆ.

ಕಳ್ಳತನ ಆಗಿಯೇ ಹೋಯಿತು. ಮೊದಲು ಏನು ಮಾಡಲಿ?

ಸ್ಟಾರ್ಟ್ ಮಾಡಬೇಡಿ. ಫೋಟೋ ತೆಗೆಯಿರಿ. ಕೆಳಗೆ ಡೀಸೆಲ್ ಚೆಲ್ಲಿದ್ದರೆ ಮಣ್ಣು ಅಥವಾ ಮರಳು ಹಾಕಿ, ಟಯರ್ ಜಾರುತ್ತದೆ. ಟ್ಯಾಂಕಿನ ತಳ, ಪೈಪ್, ಪ್ಲಗ್ ಎಲ್ಲವನ್ನೂ ಕೈ ಹಾಕಿ ನೋಡಿ. ಆಮೇಲೆ ಡ್ರೈನ್‌ನಿಂದ ಒಂದು ಲೋಟ ಡೀಸೆಲ್ ಗಾಜಿನ ಬಾಟಲಿಗೆ ತೆಗೆದು ಸ್ವಲ್ಪ ಹೊತ್ತು ಇಡಿ. ಕೊಳಕು ಪೈಪಿನಿಂದ ಕಸವೂ ನೀರೂ ಒಳಗೆ ಹೋಗಿರಬಹುದು, ಇದ್ದರೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಹೊಸ ಡೀಸೆಲ್ ಹಾಕಿದ ಮೇಲೆ ಫಿಲ್ಟರಿನ ಮೇಲಿರುವ ಕೈಪಂಪ್ ಒತ್ತಿ ಗಾಳಿ ತೆಗೆಯಿರಿ. ಪಂಪ್ ಗಟ್ಟಿಯಾಗುವವರೆಗೂ ಒತ್ತಬೇಕು. ಅದಕ್ಕೆ ಮುಂಚೆ ಸೆಲ್ಫ್ ಹೊಡೆಯುತ್ತಾ ಕೂತರೆ ಬ್ಯಾಟರಿಯೂ ಕೂತುಬಿಡುತ್ತದೆ.